ಅತ್ತೆಯ ದವಡೆಹಲ್ಲಿನ ಬೇರು

ಬಾಯಿ ಆಪರೇಷನ್ನಿಗೆ ಹೊರಟವರು ಯಾರಾದರೂ ಕೈಗೆ ಸಿಕ್ಕರೆ ನಾನು ಹೇಳುವ ಮೊದಲ ಮಾತು, ಜೊತೆಗೆ ಗಂಡಸರನ್ನು ಕರೆದುಕೊಂಡು ಹೋಗಬೇಡಿ ಎಂದು. ಆಮೇಲಿನ ಮಾತು, ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಿ ಎಂದು. ಇನ್ನೊಂದು ಮಾತಿದೆ, ಅದು ಉಗುಳಿನ ವಿಷಯ. ಅದನ್ನು ಸುಮ್ಮನೆ ಒಂದು ಸಾಲಿನಲ್ಲಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಡಾಕ್ಟರು ಹೇಳಿದಾಗ ನಮ್ಮ ಅತ್ತೆಯೂ ಹಾಕಿಕೊಳ್ಳಲಿಲ್ಲ. ಆದ್ದರಿಂದ ಅದನ್ನು ಬುಡದಿಂದಲೇ ಹೇಳಬೇಕು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ನನ್ನ ಗಂಡ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆಯವರನ್ನು ಕೇಳದೆ ಮದುವೆಯಾದ ಜೋಡಿ ನಮ್ಮದು. ಅವರದು ಗುಬ್ಬಿಯಲ್ಲಿ ಲಿಂಗ ಕಟ್ಟಿದ ಮನೆತನ. ಮೊಟ್ಟೆ ಎಂಬ ಪದವನ್ನೂ ಮನೆಯೊಳಗೆ ಜೋರಾಗಿ ಆಡದವರು. ನಮ್ಮದು ಕುಣಿಗಲ್ ತಾಲ್ಲೂಕು. ಮಾರ್ಕೋನಹಳ್ಳಿ ಡ್ಯಾಮಿನ ನೀರಿನಲ್ಲಿ ಗದ್ದೆ ಮಾಡಿ, ಅದೇ ಡ್ಯಾಮಿನ ಮೀನು ತಿಂದು ಬೆಳೆದವರು ನಾವು. ಹಬ್ಬವೆಂದರೆ ಕೋಳಿ, ನೆಂಟರು ಬಂದರೆ ಕೋಳಿ, ಜ್ವರ ಬಿಟ್ಟರೂ ಬಾಯಿರುಚಿಗೆ ಕೋಳಿ. ಮದುವೆಯಾದ ಮೇಲೆ ನಾನು ಅದನ್ನೆಲ್ಲ ಬಿಟ್ಟೆ. ಗಂಡ ಬಿಡು ಅನ್ನಲಿಲ್ಲ. ಒಂದೇ ಮನೆಯಲ್ಲಿ ಎರಡು ಬಗೆಯ ಪಾತ್ರೆ ಇಟ್ಟು ತೊಳೆಯುವಷ್ಟು ಪುರುಸೊತ್ತು ನನಗಿರಲಿಲ್ಲ, ಅಷ್ಟೆ.

ಅತ್ತೆ ನಮ್ಮ ಮದುವೆಗೆ ರಂಪ ಮಾಡಿದವರಲ್ಲ. ಮೊದಲ ವರ್ಷ ಪೂರ್ತಿ ಸುಮ್ಮನಿದ್ದರು. ಆಮೇಲೊಂದು ಬೆಳಿಗ್ಗೆ ಗುಬ್ಬಿ ಬಸ್ಸಿಳಿದು, ಕಂಕುಳಲ್ಲಿ ಬಟ್ಟೆಯ ಚೀಲ ಅವುಚಿಕೊಂಡು, ನಮ್ಮ ವಠಾರದ ಬಾಗಿಲಲ್ಲಿ ನಿಂತು, "ನನ್ ಮಗ ಇರಾದು ಇಲ್ಲೇನಮ್ಮಿ?" ಎಂದು ನನ್ನನ್ನೇ ಕೇಳಿದರು. ಗಿಡ್ಡಗೆ, ಗಟ್ಟಿಮುಟ್ಟಾಗಿ, ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ, ಎದೆಯ ಮೇಲೆ ಬೆಳ್ಳಿಯ ಕರಡಿಗೆ. ಆ ಕರಡಿಗೆಯೊಳಗಿನ ಲಿಂಗಕ್ಕೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪೂಜೆಯಾಗದೆ ಅವರು ಊಟ ಮಾಡುತ್ತಿರಲಿಲ್ಲ. ಯಡಿಯೂರು ಕಡೆಯ ತವರಿನಿಂದ ಬಂದ ನೇಮ ಅದು, ಬಾಣಂತಿತನದಲ್ಲೂ ಮುರಿಯಲಿಲ್ಲವಂತೆ.

ಅವತ್ತು ಚೀಲದಿಂದ ಒಂದು ಹಿತ್ತಾಳೆ ಚೊಂಬು, ಒಂದು ಲೋಟ, ಒಂದು ಗಂಟು ಹುರಿಹಿಟ್ಟು ಹೊರಬಂದವು. ನಲ್ಲಿಯಲ್ಲಿ ತಾವೇ ನೀರು ಹಿಡಿದುಕೊಂಡರು. ನಾನು ಕೊಟ್ಟ ಹಾಲಿಗೆ ಹುರಿಹಿಟ್ಟು ಕಲಸಿ ತಿಂದರು. ನಾನು ಮಾಡಿದ್ದ ಅನ್ನ ಸಾರಿನ ಪಾತ್ರೆಗಳು ಮುಚ್ಚಿದ್ದ ತಟ್ಟೆಯ ಕೆಳಗೆ ಹಾಗೆಯೇ ಆರಿದವು.

"ಬೇಜಾರು ಮಾಡ್ಕಬೇಡ ಕಣಮ್ಮಿ," ಎಂದರು, ನಿಜವಾಗಿಯೂ ನೊಂದ ದನಿಯಲ್ಲಿ. "ನಿನ್ ಮ್ಯಾಲೆ ನಂಗೇನೂ ಕ್ವಾಪ ಇಲ್ಲ. ಆದ್ರೆ ಮಾಂಸ ತಿಂದ ಮನೆ ಕೈಯಡುಗೆ ಹೊಟ್ಟೆ ಒಪ್ಪಾಕಿಲ್ಲ. ಹಾಲು ಹಣ್ಣಿಗೆ ದೋಸ ಇಲ್ಲ, ಅದನ್ನ ಕೊಡು, ತಿಂತೀನಿ."

ಹಾಲನ್ನು ನಾನು ಅದೇ ಒಲೆಯ ಮೇಲೆ, ಅದೇ ಕೈಯಿಂದ ಕಾಯಿಸಿದ್ದೆ. ಆದರೆ ಆ ವಾದ ಎತ್ತಿದರೆ ಹಾಲೂ ಕೈತಪ್ಪುತ್ತದೆಂದು ಬಾಯಿ ಮುಚ್ಚಿಕೊಂಡೆ. ನನ್ನ ಬಾಯಿ ಮುಚ್ಚಿಸುವುದು ಸುಲಭದ ಕೆಲಸವಲ್ಲ, ಕಚೇರಿಯಲ್ಲಿ ಸಾಹೇಬರೇ ನನ್ನ ಮೇಜಿನ ಹತ್ತಿರ ಬರುವ ಮುನ್ನ ಕೆಮ್ಮುತ್ತಿದ್ದರು.

ಹೀಗೆ ಎರಡು ವರ್ಷ ನಡೆಯಿತು. ತಿಂಗಳಿಗೊಮ್ಮೆ ಬರುತ್ತಿದ್ದರು. ನನ್ನ ತಲೆ ಬಾಚುತ್ತಿದ್ದರು, ಹೂ ಕಟ್ಟಿ ಮುಡಿಸುತ್ತಿದ್ದರು, ಮಗನ ಮೇಲೆ ನಾನು ಹೇಳುವ ದೂರನ್ನೆಲ್ಲ ಕೇಳಿ ಅವರದ್ದೂ ನಾಲ್ಕು ಸೇರಿಸುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ಹುರಿಹಿಟ್ಟಿನ ಗಂಟು ಬಿಚ್ಚುತ್ತಿದ್ದರು. ನನಗೆ ಉರಿಯುತ್ತಿತ್ತು. ಬೇಕೆಂದೇ ಅವರು ಬರುವ ದಿನ ಹಿತಕಿದ ಅವರೆಬೇಳೆ ಸಾರು ಮಾಡುತ್ತಿದ್ದೆ, ಘಮಲು ಬೀದಿಯ ಕೊನೆಯವರೆಗೂ ಹೋಗುವ ಹಾಗೆ. ಅತ್ತೆ ಮೂಗರಳಿಸಿ, "ಗಮ್ಮಂತೈತೆ ಕಣೇ!" ಎಂದು ಬಾಯ್ತುಂಬ ಹೊಗಳಿ, ಮತ್ತೆ ಹುರಿಹಿಟ್ಟಿಗೆ ಹಾಲು ಸುರಿದುಕೊಳ್ಳುತ್ತಿದ್ದರು. ಮನೆ ಓನರಮ್ಮ ಪ್ರತಿ ಸಲವೂ ತಪ್ಪದೆ ಬಂದು, "ನಿಮ್ಮತ್ತೆ ಊಟ ಮಾಡಿದ್ರಾ?" ಎಂದು ಕೇಳಿ ಹೋಗುತ್ತಿದ್ದಳು. ಆ ಪ್ರಶ್ನೆಗೋಸ್ಕರವೇ ಆಕೆ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಳೇನೋ ಎಂದು ನನಗೆ ಅನ್ನಿಸುತ್ತಿತ್ತು.

ಹಲ್ಲಿನ ಕಥೆ ಶುರುವಾದದ್ದು ಗುಬ್ಬಿಯಲ್ಲಿ. ಅತ್ತೆಯ ಎಡಗಡೆಯ ಕೆಳದವಡೆಯ ಕೊನೆಯ ಹಲ್ಲು ಹುಳುಕು ಹಿಡಿದು ವರ್ಷಗಳಾಗಿದ್ದವು. ಲವಂಗ ಇಟ್ಟರು, ಹೊಗೆಸೊಪ್ಪು ತುಂಬಿದರು, ಯಾರೋ ಹೇಳಿದರೆಂದು ಬೆಳ್ಳುಳ್ಳಿ ಜಜ್ಜಿ ಕೆನ್ನೆಯನ್ನೇ ಸುಟ್ಟುಕೊಂಡರು. ಕೊನೆಗೆ ಸಂತೆಯಲ್ಲಿ ಕೂತು ಹಲ್ಲು ಕೀಳುವವನೊಬ್ಬನ ಮುಂದೆ ಬಾಯಿ ತೆರೆದರು. ಅವನು ಇಕ್ಕಳ ಹಾಕಿ ಎಳೆದು ಹಲ್ಲಿನ ತಲೆಯನ್ನು ಊರಿಗೆಲ್ಲ ತೋರಿಸಿದ. ಕಾಲೆರಡೂ ಒಳಗೇ ಉಳಿದವು. ಒಂದೆರಡು ತಿಂಗಳಲ್ಲಿ ಕೆನ್ನೆ ಬನ್ನಿನಂತೆ ಊದಿಕೊಂಡಿತು, ಬಾಯಿ ಬೆರಳು ಹೋಗುವಷ್ಟೂ ತೆರೆಯದಾಯಿತು. ಭಾವನವರು ಅವರನ್ನು ತುಮಕೂರಿಗೆ ಕರೆತಂದು ನಮ್ಮ ಕೈಗೆ ಒಪ್ಪಿಸಿ ವಾಪಸು ಹೋದರು. ನನ್ನ ವಾರಗಿತ್ತಿ ಅಲ್ಲಿ ಹಸೀ ಬಾಣಂತಿ, ಬೇರೆ ನೋಡಿಕೊಳ್ಳುವವರಿರಲಿಲ್ಲ.

ಬಿ.ಎಚ್. ರಸ್ತೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಹಲ್ಲಿನ ಡಾಕ್ಟರಿದ್ದರು. ಇನ್ನೂ ಮೀಸೆ ಸರಿಯಾಗಿ ದಪ್ಪವಾಗದ ವಯಸ್ಸು. ಎಕ್ಸ್‌ರೇ ಬೆಳಕಿಗೆ ಹಿಡಿದು, "ಬೇರು ಮೂಳೇಲಿ ಸಿಕ್ಕೊಂಡಿದೆಯಮ್ಮ. ಒಸಡು ಕುಯ್ದು ತೆಗೀಬೇಕು, ಹೊಲಿಗೆ ಹಾಕ್ಬೇಕು. ಈಗಲೇ ಆಗಲ್ಲ, ಮೊದಲು ಕೀವು ಆರೋದಕ್ಕೆ ಮಾತ್ರೆ ಕೊಡ್ತೀನಿ, ಒಂದು ವಾರ ಬಿಟ್ಟು ಬನ್ನಿ," ಎಂದರು. ಅತ್ತೆ ಎಕ್ಸ್‌ರೇಯನ್ನೇ ನೋಡುತ್ತಿದ್ದರು. ತಮ್ಮ ಬಾಯೊಳಗಿನ ಮೂಳೆಯನ್ನು ಪರಗಂಡಸೊಬ್ಬ ಹೀಗೆ ಬೆಳಕಿಗೆ ಹಿಡಿದು ನೋಡುವುದು ಅವರಿಗೆ ಅಷ್ಟು ಸರಿ ಕಂಡಹಾಗಿರಲಿಲ್ಲ.

ಡಾಕ್ಟರು ಪ್ರಶ್ನೆ ಕೇಳತೊಡಗಿದರು. ಬಿ.ಪಿ. ಇದೆಯಾ, ಸಕ್ಕರೆ ಕಾಯಿಲೆ ಇದೆಯಾ, ಗಾಯವಾದರೆ ರಕ್ತ ಬೇಗ ನಿಲ್ಲುತ್ತಾ, ಬೇರೆ ಯಾವುದಾದರೂ ಔಷಧಿ ತಗೋತಿದೀರಾ. ಇದೆಲ್ಲಕ್ಕೂ ಅತ್ತೆ ಸರಿಯಾಗಿ ಉತ್ತರ ಹೇಳಿದರು. ಎಲೆಯಡಿಕೆ ಹೊಗೆಸೊಪ್ಪು ಹಾಕ್ತೀರಾ ಎಂದಾಗ ಮಾತ್ರ, "ಎಲ್ಲೋ ಒಂದೊಂದ್ ಕಿತ, ಮದುವೆ ಮುಂಜೀಲಿ," ಎಂದರು. ಹಾಗೆನ್ನುವಾಗ ತುಟಿಯಂಚಿನಿಂದ ಒಂದು ಕೆಂಪು ಗೆರೆ ಗಲ್ಲಕ್ಕಿಳಿಯಿತು. ಡಾಕ್ಟರು ನಗದೆ ಬರೆದುಕೊಂಡರು. ಅಲ್ಲೇ ನನಗೆ ಆ ಹುಡುಗನ ಮೇಲೆ ನಂಬಿಕೆ ಬಂತು.

ಕೊನೆಗೆ, ಆಪರೇಷನ್ ಆದ ಮೇಲೆ ಬಸ್ಸಿನಲ್ಲಿ ಕುಲುಕಾಡಿಕೊಂಡು ಗುಬ್ಬಿಗೆ ಹೋಗಬೇಡಿ, ಎರಡು ಮೂರು ದಿನ ತುಮಕೂರಿನಲ್ಲೇ ಇರಿ, ತಣ್ಣಗೆ ಮೆತ್ತಗೆ ಏನಾದರೂ ತಿನ್ನಿ ಎಂದರು.

"ಹುರಿಹಿಟ್ಟು ತಿನ್ಬೋದಾ?" ಎಂದು ನಾನೇ ಕೇಳಿದೆ.

"ಹಿಟ್ಟು, ಪುಡಿ, ಕಾಳು ಯಾವುದೂ ಬೇಡ. ಗಾಯದೊಳಗೆ ಸೇರ್ಕೊಂಡ್ರೆ ಕೆಡುತ್ತೆ."

ಅತ್ತೆಯ ಮುಖ ಸಣ್ಣದಾಯಿತು. ನನ್ನ ಗಂಡ ನನ್ನ ಮುಖ ನೋಡಿದರು, ನಾನು ಫ್ಯಾನು ನೋಡಿದೆ. "ಹಾಲು ಬಾಳೇಹಣ್ಣು ಐತಲ್ಲ ಬುಡು," ಎಂದು ಅತ್ತೆಯೇ ಸಮಾಧಾನ ಹೇಳಿದರು.

ವಾರ ಕಳೆಯಿತು. ಅತ್ತೆ ಬಾಣಂತಿ ಸೊಸೆಯನ್ನು ನೋಡಿಕೊಳ್ಳಲು ಗುಬ್ಬಿಗೆ ಹೋಗಿದ್ದವರು, ಆಪರೇಷನ್ ದಿನ ಕತ್ತಲಿರುವಾಗಲೇ ಪೂಜೆ ಮುಗಿಸಿ ಮೊದಲ ಬಸ್ಸಿಗೇ ಬಂದಿಳಿದರು. ಕುರ್ಚಿಯಲ್ಲಿ ಕೂರಿಸಿ ಡಾಕ್ಟರು, "ಏನು ತಿಂದು ಬಂದ್ರಮ್ಮ?" ಎಂದರೆ, ಪರೀಕ್ಷೆಯಲ್ಲಿ ಪಾಸಾದವರ ಹಾಗೆ, "ಒಂದ್ ತೊಟ್ಟು ನೀರೂ ಕುಡ್ದಿಲ್ಲ!" ಎಂದರು. ಗುಬ್ಬಿಯಲ್ಲಿ ಪಕ್ಕದ ಮನೆಯವರಿಗೆ ಹರ್ನಿಯಾ ಆಪರೇಷನ್ ಆದಾಗ ಹಿಂದಿನ ರಾತ್ರಿಯಿಂದ ಉಪವಾಸ ಇಟ್ಟಿದ್ದರಂತೆ. ಆಪರೇಷನ್ ಅಂದಮೇಲೆ ಉಪವಾಸ ಎಂದು ಅತ್ತೆ ತೀರ್ಮಾನಿಸಿ, ಅದಕ್ಕೆ ಸೋಮವಾರದ ಪುಣ್ಯವನ್ನೂ ಸೇರಿಸಿಕೊಂಡಿದ್ದರು.

ಡಾಕ್ಟರು ಹಣೆ ಚಚ್ಚಿಕೊಂಡರು. ಪೂರ್ತಿ ಮೈಗೆ ಮತ್ತು ಕೊಡುವುದಾದರೆ ಉಪವಾಸ ಬೇಕು. ಬಾಯಿಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಡುವಾಗ ಹೊಟ್ಟೆ ಖಾಲಿಯಿದ್ದರೆ ಅಲ್ಲೇ ತಲೆ ಸುತ್ತಿ ಬೀಳುತ್ತಾರೆ, ಸಂಶಯವಿದ್ದರೆ ಮೊದಲೇ ಕೇಳಬೇಡವೇ ಎಂದು ನಮಗೂ ಬೈದರು. ನಾನು ಕೆಳಗೆ ಓಡಿ ತಳ್ಳುಗಾಡಿಯಿಂದ ಒಂದು ಚಿಪ್ಪು ಬಾಳೆಹಣ್ಣು ತಂದೆ. ಅತ್ತೆ ಮಹಡಿಯ ಮೆಟ್ಟಿಲ ಮೇಲೆ ಕೂತು, ಬಲಗಡೆಯ ದವಡೆಯಲ್ಲಿ ಅಗಿದು, ಬಂದುಹೋಗುವ ರೋಗಿಗಳಿಗೂ ಒಂದೊಂದು ಕೊಟ್ಟರು.

ಮತ್ತೆ ಕುರ್ಚಿ. ಕತ್ತಿಗೆ ಬಟ್ಟೆ ಕಟ್ಟಲು ಬಂದ ಕಾಂಪೌಂಡರು ಕರಡಿಗೆಯ ದಾರಕ್ಕೆ ಕೈ ಹಾಕಿದ. "ಬೇಕಾದ್ರೆ ತಲೆ ತೆಗಿ, ಇದನ್ನ ಮುಟ್ಟೀಯ!" ಎಂದು ಅತ್ತೆ ಗದರಿದ ರಭಸಕ್ಕೆ ಅವನು ಮೂಲೆ ಸೇರಿದ. ಅದು ಅಲ್ಲೇ ಇರಲಿ, ನನ್ನ ಕೆಲಸ ಬಾಯಲ್ಲಿ, ಎದೆಯ ಮೇಲಲ್ಲ ಎಂದರು ಡಾಕ್ಟರು.

ಈಗ ಗಂಡಸರ ವಿಷಯ. ಅವ್ವನ ಕೈ ಹಿಡಿದುಕೊಳ್ಳಲು ನನ್ನ ಗಂಡ ಶರಟಿನ ತೋಳು ಮಡಿಸಿ ಒಳಗೆ ಹೋದರು. ಹೆದರ್ಕೋಬೇಡ ಕಣವ್ವ, ಸೊಳ್ಳೆ ಕಚ್ಚಿದಂಗೆ ಅಷ್ಟೆ ಎಂದು ಧೈರ್ಯ ಹೇಳಿದ್ದು ನನಗೆ ಹೊರಗೆ ಕೇಳಿಸಿತು. ಆಮೇಲೆ ಸ್ಟೂಲು ಉರುಳಿದ ಸದ್ದು ಕೇಳಿಸಿತು. ಸೂಜಿ ನೋಡಿದವರೇ ಮಗರಾಯರು ಬೆಳ್ಳಗಾಗಿ ನೆಲಕ್ಕೆ ಒರಗಿದ್ದರು. ಡಾಕ್ಟರು ಅವ್ವನನ್ನು ಬಿಟ್ಟು ಮಗನಿಗೆ ನೀರು ಚಿಮುಕಿಸಬೇಕಾಯಿತು. "ಹುಟ್ಟಿದಾಗ್ಲಿಂದ್ಲೂ ಹಿಂಗೇಯ ಕಣ್ರೀ ಡಾಕ್ಟ್ರೇ, ಒಂದ್ ಮುಳ್ಳು ತೆಗೆದ್ರೂ ಬೀಳಾನು," ಎಂದು ಅತ್ತೆ ಬಾಯಿ ತೆರೆದುಕೊಂಡೇ ವರದಿ ಕೊಟ್ಟರು. ಗಂಡನನ್ನು ಹೊರಗಿನ ಬೆಂಚಿನ ಮೇಲೆ ಮಲಗಿಸಿ ನಾನು ಒಳಗೆ ಹೋಗಿ ನಿಂತೆ.

ಇಂಜೆಕ್ಷನ್ ಹತ್ತಿದ ಮೇಲೆ ಅತ್ತೆ ಕೆನ್ನೆ ಮುಟ್ಟಿ ಮುಟ್ಟಿ ನೋಡಿಕೊಂಡು, ಈ ಕಡೆ ಮುಖ ಎಲ್ಲೋಯ್ತು ಎಂದು ತೊದಲಿದರು. ನೋವಿಲ್ಲ, ಆದರೆ ತಳ್ಳುವುದು, ಎಳೆಯುವುದು, ಮೂಳೆಯ ಕಟಕಟ ಸದ್ದು ಎಲ್ಲ ತಿಳಿಯುತ್ತದೆ. ಆ ಸದ್ದಿಗೆ ಅವರು ನನ್ನ ಬೆರಳುಗಳನ್ನು ಹಿಡಿದ ಹಿಡಿತಕ್ಕೆ ಮಾರನೆಯ ದಿನ ನನಗೆ ಟೈಪು ಮಾಡಲಾಗಲಿಲ್ಲ. ಬೇರು ಎರಡು ತುಂಡಾಗಿ ಬಂತು. ಡಾಕ್ಟರು ಕಪ್ಪು ದಾರದಲ್ಲಿ ಹೊಲಿಗೆ ಹಾಕಿ, ಒತ್ತಾಗಿ ಸುತ್ತಿದ ಬಟ್ಟೆ ಇಟ್ಟು, "ಗಟ್ಟಿಯಾಗಿ ಕಚ್ಚಿ, ಒಂದು ಗಂಟೆ ಬಿಡಬೇಡಿ" ಎಂದರು.

ಬಾಯಿ ಕಟ್ಟಿದ್ದವರಿಗೆ ಉಪದೇಶ ಮಾಡುವುದು ಸುಲಭ. ಇವತ್ತು ಎಲೆಯಡಿಕೆ ಮುಟ್ಟಕೂಡದು. ಬಿಸಿ ಕುಡಿಯಕೂಡದು. ನಾಳೆ ಬೆಳಗಾಗುವವರೆಗೆ ಬಾಯಿ ಮುಕ್ಕಳಿಸಕೂಡದು. ನಾಳೆಯಿಂದ ಉಗುರುಬೆಚ್ಚಗಿನ ಉಪ್ಪುನೀರು, ಅದೂ ಮೆಲ್ಲಗೆ. ಕೆನ್ನೆಗೆ ಹೊರಗಿನಿಂದ ಐಸು ಒತ್ತಿ. ನಾಳೆ, ನಾಳಿದ್ದು ಊತ ಇನ್ನೂ ಜಾಸ್ತಿಯಾಗುತ್ತೆ, ಗಾಬರಿಯಾಗಬೇಡಿ. ತಲೆ ಎತ್ತರವಿಟ್ಟು ಮಲಗಿ. ಮಾತ್ರೆ ಏನಾದರೂ ತಿಂದ ಮೇಲೇ ತಗೋಬೇಕು. "ಎಲ್ಲಕ್ಕಿಂತ ಮುಖ್ಯ, ಉಗಿಯಕೂಡದು. ಬಾಯಲ್ಲಿ ಬಂದದ್ದನ್ನ ನುಂಗಿಬಿಡಿ." ಅತ್ತೆಯ ಕಣ್ಣು ಅಗಲವಾದವು. ಬಾಯಲ್ಲಿ ಬಟ್ಟೆ ಇದ್ದುದರಿಂದ ಮಾತು ಹೊರಡಲಿಲ್ಲ.

ಮಾತು ಹೊರಟದ್ದು ಮನೆಯಲ್ಲಿ. ಒಂದು ಗಂಟೆ ಕಳೆದು ಬಟ್ಟೆ ತೆಗೆದದ್ದೇ ತಡ, "ಉಗಿಯಾಕೆ ಬೂದಿ ಹಾಕಿ ಒಂದು ತೆಂಗಿನ ಚಿಪ್ಪು ಕೊಡೇ" ಎಂದರು. ಕೊಡುವುದಿಲ್ಲ ಎಂದೆ. ಎದ್ದು ಬಚ್ಚಲಿಗೇ ಹೋಗಿ ಉಗಿದು ಬಂದರು.

"ಅತ್ತೆಮ್ಮ, ಡಾಕ್ಟ್ರು ಏನ್ ಹೇಳಿದ್ರು?"

"ನೆತ್ತರು ಕಣೇ! ಬಾಯ್ತುಂಬ ನೆತ್ತರು. ಅದನ್ನ ನುಂಗಾದಾ?"

"ನುಂಗ್ಬೇಕಂತೆ."

"ನೆತ್ತರು ಮಾಂಸ ಅಲ್ವೇನೇ? ಹುಟ್ಟಿದಾಗ್ಲಿಂದ ಒಂದ್ ಮೊಟ್ಟೆ ಮುಟ್ಟಿಲ್ಲ ನಾನು. ಈಗ ಮುದುಕಿ ಆಗೋ ಕಾಲ್ದಲ್ಲಿ ನೆತ್ತರು ಕುಡೀಲಾ?"

ನನಗೆ ನಗು ಬಂತು. ನಿಮ್ಮದೇ ರಕ್ತ ಅಲ್ಲವೇ ಎಂದೆ. ಕುರೀದಾದ್ರೇನು, ನಂದಾದ್ರೇನು, ನೆತ್ತರು ನೆತ್ತರೇ ಎಂದರು. ನನ್ನ ಗಂಡ ಇನ್ನೂ ಸ್ವಲ್ಪ ಬೆಳ್ಳಗೇ ಇದ್ದವರು, ಕೆಂಪು ರಕ್ತಕಣ, ಬಿಳಿ ರಕ್ತಕಣ ಎಂದು ಶುರುಮಾಡಿದರು. "ಲೋ, ಪಾಠ ಇಸ್ಕೂಲಲ್ಲಿ ಮಾಡ್ಲಾ. ನೆತ್ತರು ನೋಡಿದ್ರೆ ಬೀಳಾನು, ನಂಗೆ ಕುಡಿ ಅಂತಾನೆ!" ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು.

ನುಂಗದಿದ್ದರೆ ಬೇಡ, ಬಾಯಿ ಬಗ್ಗಿಸಿ ತಾನಾಗಿ ಟವೆಲ್ಲಿನ ಮೇಲೆ ಸೋರಲು ಬಿಡಿ ಎಂದೆ. ಒಪ್ಪಿ ಕೂತರು. ಆದರೆ ಎಲೆಯಡಿಕೆ ಹಾಕಿ ಹಾಕಿ ಅಂಗಳದ ಈ ತುದಿಯಿಂದ ಆ ತುದಿಯ ತೆಂಗಿನ ಬುಡಕ್ಕೆ ಗುರಿ ತಪ್ಪದೆ ಉಗಿದ ಬಾಯಿ ಅದು. ಸೋರುವುದು ಅದಕ್ಕೆ ಗೊತ್ತೇ ಇರಲಿಲ್ಲ. ಬಾಯಿ ತುಂಬಿದ ಹಾಗೆಲ್ಲ ತಾನಾಗಿಯೇ ಪಿಚಕ್ಕೆಂದು ಹೊಡೆಯುತ್ತಿತ್ತು. ಹೊಡೆದಾಗಲೆಲ್ಲ ಹಿಂದೆಯೇ ಹೊಸ ರಕ್ತ ಉಕ್ಕುತ್ತಿತ್ತು. ಬಿಸಿ ತುಪ್ಪ ಬಾಯಿಗೆ ಬಿದ್ದರೆ ನುಂಗಲೂ ಆಗದು ಉಗಿಯಲೂ ಆಗದು ಎಂದು ಗಾದೆ ಮಾಡಿದವರು ನಮ್ಮ ಮನೆಯ ಆ ಮಧ್ಯಾಹ್ನವನ್ನು ನೋಡಿರಲಿಲ್ಲ.

ಓನರಮ್ಮ ಬಂದಳು. ಹೊಗೆಯಾಡುವ ಕಾಫಿ ಲೋಟ ಹಿಡಿದು, ಇದನ್ನು ಕುಡಿದು ಬಿಸಿ ಉಪ್ಪುನೀರಲ್ಲಿ ಚೆನ್ನಾಗಿ ಗಳಗಳ ಮಾಡಿ ಉಗಿದರೆ ಕೆಟ್ಟ ರಕ್ತವೆಲ್ಲ ಹೋಗಿಬಿಡುತ್ತೆ ಎಂದಳು. ಡಾಕ್ಟರು ಬೇಡವೆಂದದ್ದೆಲ್ಲ ಒಂದೇ ಲೋಟದಲ್ಲಿ ತಂದಿದ್ದಳು. ಕಾಫಿಯನ್ನು ನಾನೇ ಕುಡಿದು ಲೋಟ ತೊಳೆದು ಕೈಗಿಟ್ಟು ಕಳಿಸಿದೆ. ಬಾಗಿಲು ದಾಟುವಾಗ, "ನಿಮ್ಮತ್ತೆ ಇವತ್ತಾದ್ರೂ ಊಟ ಮಾಡ್ತಾರಾ?" ಎಂದಳು.

ಸಂಜೆಯಾಗುತ್ತ ಬಂದರೂ ರಕ್ತ ನಿಲ್ಲಲಿಲ್ಲ. ನಗು ನಿಂತಿತ್ತು. ಗಂಡ ಸೈಕಲ್ ತುಳಿದುಕೊಂಡು ಡಾಕ್ಟರ ಹತ್ತಿರ ಹೋಗಿ ಬಂದರು. ಹೊಸ ಬಟ್ಟೆಯ ಸುತ್ತುಗಳನ್ನು ಕೊಟ್ಟು, ಉಗೀತಿದಾರಾ ಎಂದು ಡಾಕ್ಟರು ಮೊದಲು ಅದನ್ನೇ ಕೇಳಿದರಂತೆ. ಹಲ್ಲು ಇದ್ದ ಗುಂಡಿಯಲ್ಲಿ ರಕ್ತ ಹೆಪ್ಪಾಗಿ ಗರಣೆ ಕಟ್ಟಿದರೆ ಅದೇ ಮುಚ್ಚಳ, ಅದೇ ಔಷಧಿ. ಉಗಿದಾಗಲೆಲ್ಲ ಆ ಮುಚ್ಚಳ ಕಿತ್ತು ಬರುತ್ತೆ. ಮತ್ತೆ ಕಚ್ಚಿ ಕೂರಲಿ, ಉಗಿಯದೆ ಇದ್ದರೆ ನಿಲ್ಲುತ್ತೆ. ಹಾಗೂ ನಿಲ್ಲದಿದ್ದರೆ ಕರೆದುಕೊಂಡು ಬನ್ನಿ, ದೊಡ್ಡಾಸ್ಪತ್ರೆಗೆ ಸೇರಿಸಬೇಕಾಗುತ್ತೆ, ತಡ ಮಾಡಬೇಡಿ ಎಂದಿದ್ದರು.

ನಾನು ಅತ್ತೆಯ ಮುಂದೆ ಕೂತೆ. "ಹೆಪ್ಪು ಹಾಕಿದ ಹಾಲನ್ನ ಗಳಿಗೆಗೊಂದ್ಸಲ ಅಲ್ಲಾಡಿಸಿದ್ರೆ ಮೊಸರಾಗುತ್ತಾ ಅತ್ತೆಮ್ಮ? ನೀವು ಅಲ್ಲಾಡಿಸ್ತಾನೇ ಇದೀರ."

"ಗೊತ್ತಾಯ್ತದೆ ಕಣೇ, ನಂಗೇನು ಬುದ್ಧಿ ಇಲ್ವಾ," ಎಂದರು. ದನಿ ಕುಗ್ಗಿತ್ತು. "ಗೊತ್ತಾದ್ರೂ ಗಂಟ್ಲು ಒಳಕ್ಕೆ ಬುಡಾಕಿಲ್ಲ."

ಹೊಸ ಬಟ್ಟೆ ಕಚ್ಚಿಸಿದೆ. ಸ್ವಲ್ಪ ಹೊತ್ತು ಕೂತಿದ್ದು, ಅದನ್ನು ತೆಗೆದು ಮತ್ತೆ ಉಗಿದರು. ಹಣೆಯ ವಿಭೂತಿಗೂ ಮುಖಕ್ಕೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಬೆಳಿಗ್ಗೆಯ ಬಾಳೆಹಣ್ಣು ಬಿಟ್ಟರೆ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಹಾಲು ಕುಡಿದರೂ ಅದರ ಜೊತೆ ನೆತ್ತರು ಇಳಿಯುತ್ತದೆಂದು ಹಾಲನ್ನೂ ಬೇಡವೆಂದಿದ್ದರು. ಹಾಲಿಲ್ಲದ ಮೇಲೆ ಮಾತ್ರೆಯೂ ಇಲ್ಲ. ನನಗೆ ನಿಜವಾಗಿಯೂ ಭಯವಾಯಿತು. ಭಯವಾದರೆ ಅಳುವವರಿದ್ದಾರೆ, ದೇವರಿಗೆ ಹರಕೆ ಹೊರುವವರಿದ್ದಾರೆ. ನನಗೆ ಭಯವಾದರೆ ಸಿಟ್ಟು ಬರುತ್ತದೆ. ಮುಸ್ಸಂಜೆಯ ಹೊತ್ತು, ದೀಪ ಹಚ್ಚಲು ಹಿಡಿದಿದ್ದ ಬೆಂಕಿಪೊಟ್ಟಣವನ್ನು ನೆಲಕ್ಕೆ ಕುಕ್ಕಿ ಕೂಗಿಯೇಬಿಟ್ಟೆ.

"ಉಗೀರಿ ಅತ್ತೆಮ್ಮ, ಚೆನ್ನಾಗಿ ಉಗೀರಿ! ನಿಮ್ಮ ನೇಮ ಉಳೀತದೆ, ನೀವು ಹೋಗ್ತೀರ. ನಾಳೆ ಗುಬ್ಬೀಲಿ ಜನ ಏನಂತಾರೆ ಗೊತ್ತಾ? ಕೋಳಿ ಕುಯ್ಯೋರ ಮನೆ ಹುಡುಗಿ ಕೈಗೆ ಕೊಟ್ರು, ಕುಯ್ದು ಕಳಿಸಿದ್ಲು ಅಂತಾರೆ! ಊರ ಬಾಯಿಗೆ ಬೀಗ ಹಾಕಕ್ಕಾಗುತ್ತಾ? ನಿಮ್ಮ ಬಾಯಿಗೇ ಹಾಕಕ್ಕಾಗ್ತಿಲ್ಲ. ಒಂದು ತುತ್ತು ಅನ್ನ ತಿನ್ನಲಿಲ್ಲ ನನ್ನ ಕೈಲಿ, ಕೊಂದ ಹೆಸರು ಮಾತ್ರ ನನ್ನ ತಲೆ ಮೇಲೆ ಹಾಕಿ ಹೋಗ್ತೀರಾ?"

ಗಂಡ "ಏಯ್" ಎಂದರು. ನಾನು ಅವರ ಕಡೆ ನೋಡಲಿಲ್ಲ. ಅಷ್ಟು ಕೂಗಿದ್ದಕ್ಕೆ ನನಗೆ ಆಗಲೂ ಪಶ್ಚಾತ್ತಾಪವಾಗಲಿಲ್ಲ, ಈಗಲೂ ಇಲ್ಲ.

ಅತ್ತೆ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನನ್ನ ಕಡೆ ತಿರುಗಿದರು. ಮೆಲ್ಲಗೆ ಕೇಳಿದರು.

"ಹಂಗಂತಾರಾ?"

"ನಿಮ್ಮೂರು, ನಿಮ್ಮ ಜನ. ನೀವೇ ಹೇಳಿ."

ಯೋಚನೆ ಮಾಡಿದ ಹಾಗೆ ಕಣ್ಣು ಮುಚ್ಚಿದರು. ಒಬ್ಬೊಬ್ಬರನ್ನೇ ನೆನಪಿಸಿಕೊಳ್ಳುತ್ತಿದ್ದರೇನೋ. "ಅಂತಾರೆ ಕಣೇ," ಎಂದು ಒಪ್ಪಿಕೊಂಡರು. "ಅನ್ನದೆ ಬುಡಾಕಿಲ್ಲ ಮುಂಡೇವು."

ಟವೆಲ್ಲನ್ನು ಪಕ್ಕಕ್ಕಿಟ್ಟರು. ಎಡಗೈಯಲ್ಲಿ ಕರಡಿಗೆಯನ್ನು ಹಿಡಿದುಕೊಂಡು, ತುಟಿ ಬಿಗಿದು, ನುಂಗಿದರು. ಹರಳೆಣ್ಣೆ ಕುಡಿಸಿದ ಮಗುವಿನ ಹಾಗೆ ಮುಖವೆಲ್ಲ ಕಿವುಚಿತು. ನಾನು ತಟ್ಟನೆ ಹೊಸ ಬಟ್ಟೆಯ ಸುತ್ತನ್ನು ಕೊಟ್ಟೆ, ಗಟ್ಟಿಯಾಗಿ ಕಚ್ಚಿದರು. ಗೋಡೆಗೆ ಒರಗಿ ಕೂತರು. ಕೆನ್ನೆಗೆ ಐಸು ಒತ್ತಿ ನಾನೂ ಪಕ್ಕದಲ್ಲಿ ಕೂತೆ. ಅವರ ಗಂಟಲು ಏರಿ ಇಳಿದಾಗಲೆಲ್ಲ ವಿಜ್ಞಾನದ ಮೇಷ್ಟ್ರು ಕ್ಯಾಲೆಂಡರ್ ಕಡೆ ಮುಖ ತಿರುಗಿಸುತ್ತಿದ್ದರು. ಬಹಳ ಹೊತ್ತಾದ ಮೇಲೆ ಬಟ್ಟೆ ತೆಗೆದು ನೋಡಿದರೆ ಬರೀ ತೆಳು ಗುಲಾಬಿ ಬಣ್ಣ. ಟಾರ್ಚು ಬಿಟ್ಟು ನೋಡಿದೆ. ಹೊಲಿಗೆಯ ಕೆಳಗೆ ಕಪ್ಪಗೆ ಗರಣೆ ಕಟ್ಟಿತ್ತು. ರಕ್ತ ನಿಂತಿತ್ತು.

ಅತ್ತೆ ಎದ್ದು ಕೈಕಾಲು ತೊಳೆದು ಬಂದು ಪೂಜೆಗೆ ಚಾಪೆ ಹಾಸಿದರು. ಗಂಡ ಹಿಂದೆ ಮುಂದೆ ನೋಡಿ, "ಅವ್ವ, ಬಾಯಿ ಹಿಂಗಿದೆ. ಇವತ್ತೊಂದಿನ ಬೇಡ್ವೇನೋ," ಎಂದರು.

"ಯಾಕ್ ಬ್ಯಾಡ? ಅವ್ನು ಎದೆ ಮ್ಯಾಲೇ ಇದ್ನಲ್ಲ. ಎಲ್ಲಾನೂ ನೋಡವ್ನೆ," ಎಂದರು. ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಎಂದಿಗಿಂತ ಹೆಚ್ಚು ಹೊತ್ತು ಕೂತರು. ಏನು ಮಾತಾಡಿಕೊಂಡರೋ ಅವರಿಬ್ಬರಿಗೇ ಗೊತ್ತು. ಕೊನೆಗೆ ತೀರ್ಥವನ್ನು ಬಾಯಲ್ಲಿ ಆಡಿಸದೆ ಹಾಗೆಯೇ ಒಳಗೆ ಜಾರಲು ಬಿಟ್ಟರು. ನಾನು ಅಡುಗೆಮನೆಗೆ ಹೋಗಿ ಆರಿದ ಹಾಲನ್ನೂ ಕಿವುಚಿದ ಬಾಳೆಹಣ್ಣನ್ನೂ ತಂದು ಅವರ ಮುಂದಿಟ್ಟೆ.

ಅತ್ತೆ ಬಟ್ಟಲನ್ನು ನೋಡಿದರು. ಬೆರಳಿನಿಂದ ಆಚೆ ಸರಿಸಿದರು.

"ನಿಮಗೇನ್ ಮಾಡ್ಕೊಂಡಿದೀಯ?"

"ಅನ್ನ, ಹೆಸರುಬೇಳೆ ತೊವ್ವೆ. ಯಾಕೆ?"

"ಮೆತ್ತಗೈತಾ?"

"ಮೆತ್ತಗಿದೆ." ನನಗೆ ಇನ್ನೂ ತಲೆಗೆ ಹೋಗಿರಲಿಲ್ಲ. "ಅತ್ತೆಮ್ಮ, ಅದು ನಾನು ಮಾಡಿದ್ದು."

"ಇನ್ಯಾರು ಬಂದು ಮಾಡ್ತಾರೆ ನಿನ್ ಮನೇಲಿ? ನೆತ್ತರು ನುಂಗಿದ ಬಾಯಿ ಕಣೇ ಇದು. ಇನ್ನು ನಿಂಗೂ ನಂಗೂ ಏನ್ ಯತ್ಯಾಸ ಉಳೀತು? ತತ್ತಾ ಅತ್ಲಾಗಿ, ಹೊಟ್ಟೆ ಹಸೀತೈತೆ."

ನನ್ನ ಗಂಡ ಬಾಗಿಲಿಗೆ ಒರಗಿ ನಿಂತರು, ಮತ್ತೆ ಬೀಳುತ್ತಾರೇನೋ ಅನ್ನಿಸಿತು. ನಾನು ಅನ್ನವನ್ನು ತಣ್ಣಗೆ ಆರಿಸಿ, ತೊವ್ವೆ ಹಾಕಿ, ಬೆಣ್ಣೆಯಂತಾಗುವವರೆಗೆ ಕಿವುಚಿ ತಂದೆ. ಅವಸರದಲ್ಲಿ ಸ್ವಲ್ಪ ಸೆರಗಿನ ಮೇಲೂ ಬಿತ್ತು. ಅತ್ತೆ ಒಂದು ತುತ್ತು ತೆಗೆದು ಬಲದವಡೆಗೆ ಹಾಕಿಕೊಂಡರು, ಮೆಲ್ಲಗೆ ನಾಲಿಗೆಯಲ್ಲಿ ಹೊರಳಿಸಿದರು.

"ಏನೇ ಇದು!" ಎಂದರು, ಊದಿದ ಕೆನ್ನೆಯಲ್ಲೇ ಗದರಿ. "ಉಪ್ಪಿಲ್ಲ, ಹುಳಿಯಿಲ್ಲ. ನನ್ ಮಗನ್ಗೆ ಇಷ್ಟ್ ವರ್ಸದಿಂದ ಇಂಥಾದ್ದೇನೇ ಹಾಕ್ತಾ ಇರಾದು ನೀನು?"

ಮದುವೆಯಾದ ಮೇಲೆ ಮೊದಲ ಸಲ ನನ್ನ ಅಡುಗೆಯನ್ನು ನನ್ನ ಅತ್ತೆ ಬೈದರು. ಬೇರೆ ಸೊಸೆಯಂದಿರು ಅತ್ತೆ ಬೈದಳೆಂದು ಬಾವಿಕಟ್ಟೆಯಲ್ಲಿ ಕೂತು ಅಳುತ್ತಿದ್ದ ಕಾಲ ಅದು. ನಾನು ಅಡುಗೆಮನೆಗೆ ಓಡಿಹೋಗಿ, ಉಪ್ಪಿನ ಜಾಡಿಯನ್ನು ಎದೆಗವಚಿಕೊಂಡು, ಹಬ್ಬದ ದಿನದ ಹುಡುಗಿಯ ಹಾಗೆ ಒಬ್ಬಳೇ ನಕ್ಕೆ. ಆಮೇಲೆ ಕಣ್ಣೊರೆಸಿಕೊಂಡು ಜಾಡಿಯನ್ನೇ ತಂದು ಅವರ ಮುಂದಿಟ್ಟೆ. ಅತ್ತೆ ಅದರೊಳಕ್ಕೆ ಕೈ ಹಾಕಿ, ತಮಗೆ ಬೇಕಾದಷ್ಟು ತೆಗೆದುಕೊಂಡರು.